ಮೂರನೇ ಗೇರು ಹಾಕುವಾಗ ಹಲ್ಲು ಕಡಿಯುವ ಸದ್ದು: ಗೇರ್‌ಬಾಕ್ಸನ್ನು ಮನೆಯಲ್ಲೇ ಇಳಿಸಿ ದುರಸ್ತಿ ಮಾಡಬಹುದೇ?

ಪ್ರಶ್ನೆ

ನನ್ನದು ಮುಂದಿನ ಚಕ್ರಗಳಿಗೆ ಚಾಲನೆ ಇರುವ, ಐದು ಗೇರುಗಳ ಹಳೆಯ ಸಣ್ಣ ಕಾರು. ಎರಡನೇ ಗೇರಿನಿಂದ ಮೂರಕ್ಕೆ ಬದಲಿಸುವಾಗ ಗರ್ರೆಂದು ಹಲ್ಲು ಕಡಿಯುವ ಸದ್ದು ಬರುತ್ತಿದೆ. ಮೊದಮೊದಲು ಎಂಜಿನ್ ತಣ್ಣಗಿದ್ದಾಗ ಮಾತ್ರ ಕೇಳಿಸುತ್ತಿದ್ದುದು ಈಗ ಎಲ್ಲ ಹೊತ್ತಿನಲ್ಲೂ ಕೇಳಿಸುತ್ತದೆ. ಇದರ ಜೊತೆಗೆ, ಕಾರು ನಿಂತು ಗೇರು ನ್ಯೂಟ್ರಲ್‌ನಲ್ಲಿರುವಾಗ ಸಣ್ಣಗೆ ಗುಂಯ್‌ಗುಡುವ ಶಬ್ದವಿದ್ದು, ಕ್ಲಚ್ ಪೆಡಲ್ ತುಳಿದ ಕೂಡಲೇ ಅದು ನಿಂತುಹೋಗುತ್ತದೆ.

ಬ್ರೇಕ್, ಸಸ್ಪೆನ್ಷನ್, ಟೈಮಿಂಗ್ ಬೆಲ್ಟ್‌ನಂತಹ ಕೆಲಸಗಳನ್ನು ನಾನೇ ಮಾಡಿಕೊಂಡು ರೂಢಿಯಿದೆ. ಟಾರ್ಕ್ ರೆಂಚ್, ಟ್ರಾಲಿ ಜ್ಯಾಕ್, ಆಕ್ಸಲ್ ಸ್ಟ್ಯಾಂಡ್‌ಗಳು ಮತ್ತು ಸಮತಟ್ಟಾದ ಕಾಂಕ್ರೀಟ್ ನೆಲದ ಶೆಡ್ ನನ್ನ ಬಳಿ ಇವೆ. ಆದರೆ ಗೇರ್‌ಬಾಕ್ಸನ್ನು ಈವರೆಗೆ ಇಳಿಸಿಲ್ಲ, ಬಿಚ್ಚಿಯೂ ಇಲ್ಲ. ದೋಷ ಒಳಗೇ ಇದೆ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ, ಇಳಿಸುವಾಗ ಎಲ್ಲಿ ಎಚ್ಚರ ತಪ್ಪಬಾರದು, ಮತ್ತು ಬಿಚ್ಚಿದ ಮೇಲೆ ಮನೆಯಲ್ಲಿ ಎಷ್ಟರ ಮಟ್ಟಿಗೆ ಕೆಲಸ ಮಾಡಲು ಸಾಧ್ಯ ಎಂಬುದನ್ನು ಅನುಭವವಿರುವವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

ಸ್ಪ್ಯಾನರ್ ಹಿಡಿಯುವ ಮೊದಲು ಕಾರಿನಲ್ಲಿ ಕುಳಿತೇ ಮಾಡಬಹುದಾದ ಪರೀಕ್ಷೆಗಳನ್ನು ಮುಗಿಸಿಕೊಳ್ಳಿ. ಗೇರ್‌ಬಾಕ್ಸಿನದೆಂದು ಭಾವಿಸಿ ಇಳಿಸಿದ ಎಷ್ಟೋ ದೋಷಗಳು ಕೊನೆಗೆ ಕ್ಲಚ್ಚಿನದೋ, ಗೇರ್ ಕೇಬಲಿನದೋ, ತಪ್ಪು ಎಣ್ಣೆಯದೋ ಆಗಿರುತ್ತವೆ.

ಮೊದಲು ಕ್ಲಚ್. ಎಂಜಿನನ್ನು ಐಡ್ಲಿಂಗ್‌ನಲ್ಲಿ ಬಿಟ್ಟು, ನ್ಯೂಟ್ರಲ್‌ನಲ್ಲಿಟ್ಟು, ಪೆಡಲನ್ನು ಪೂರ್ತಿ ತುಳಿದು ಐದಾರು ಸೆಕೆಂಡ್ ಕಾಯಿರಿ. ಆಮೇಲೆ ನಿಧಾನವಾಗಿ ರಿವರ್ಸ್ ಹಾಕಿ. ಹಳೆಯ ಕಾರುಗಳಲ್ಲಿ ರಿವರ್ಸ್ ಗೇರಿಗೆ ಸಾಮಾನ್ಯವಾಗಿ ಸಿಂಕ್ರೊ (ಗೇರು ಕೂರುವ ಮುನ್ನ ವೇಗಗಳನ್ನು ಸಮ ಮಾಡುವ ಭಾಗ) ಇರುವುದಿಲ್ಲವಾದ್ದರಿಂದ, ಕ್ಲಚ್ ಪೂರ್ತಿ ಬಿಡಿಸಿಕೊಳ್ಳದೆ, ಎಂಜಿನ್ನಿನ ಚಾಲನೆಯನ್ನು ಗೇರ್‌ಬಾಕ್ಸಿನೊಳಗೆ ಒಯ್ಯುವ ಇನ್‌ಪುಟ್ ಶಾಫ್ಟ್ ಇನ್ನೂ ತಿರುಗುತ್ತಿದ್ದರೆ ಅಲ್ಲಿ ಸದ್ದು ಬಂದೇ ಬರುತ್ತದೆ. ಹಾಗೆ ಬಂದರೆ ಹೈಡ್ರಾಲಿಕ್ಸ್‌ನಲ್ಲಿ ಗಾಳಿ ಸೇರಿದೆಯೇ, ಕೇಬಲ್ ಸಡಿಲಗೊಂಡಿದೆಯೇ, ಕ್ಲಚ್ ಫೋರ್ಕ್ ಬಾಗಿದೆಯೇ ಎಂದು ನೋಡಬೇಕೇ ಹೊರತು ಗೇರ್‌ಬಾಕ್ಸಿಗೆ ಕೈ ಹಾಕುವ ಅಗತ್ಯವಿಲ್ಲ. ರಿವರ್ಸ್ ಮೌನವಾಗಿ ಕೂತು, ಮೂರನೆಯದು ಮಾತ್ರ ಗರ್ರೆಂದರೆ ಅನುಮಾನ ಮೂರನೇ ಗೇರಿನ ಸಿಂಕ್ರೊ ಮೇಲೆ ಬೀಳುತ್ತದೆ.

ಅದನ್ನು ಇನ್ನಷ್ಟು ಗಟ್ಟಿ ಮಾಡಿಕೊಳ್ಳಲು ಕ್ಲಚ್ಚನ್ನು ಎರಡು ಬಾರಿ ತುಳಿಯುವ ವಿಧಾನವನ್ನು ಬಳಸಿ. ಎರಡನೇ ಗೇರಿನಿಂದ ನ್ಯೂಟ್ರಲ್‌ಗೆ ತಂದು ಪೆಡಲ್ ಬಿಟ್ಟು, ಎಂಜಿನ್ನಿನ ವೇಗ ಸ್ವಲ್ಪ ಇಳಿಯಲು ಬಿಟ್ಟು, ಮತ್ತೆ ತುಳಿದು ಮೂರನೆಯದಕ್ಕೆ ಹಾಕಿ. ಹೀಗೆ ಮಾಡಿದಾಗ ಗೇರು ಬೆಣ್ಣೆಯಂತೆ ಕೂತರೆ, ಎರಡು ಭಾಗಗಳ ವೇಗವನ್ನು ಸರಿದೂಗಿಸುವ ಸಿಂಕ್ರೊ ರಿಂಗ್ ತನ್ನ ಕೆಲಸ ಮಾಡುತ್ತಿಲ್ಲವೆಂದು ಅರ್ಥ. ಆ ಕೆಲಸವನ್ನು ಈಗ ನಿಮ್ಮ ಕಾಲು ಮಾಡಿತು, ಅಷ್ಟೆ.

ನೀವು ಹೇಳಿದ ಗುಂಯ್‌ಗುಡುವ ಶಬ್ದವೂ ಸ್ಪಷ್ಟ ಸುಳಿವು. ನ್ಯೂಟ್ರಲ್‌ನಲ್ಲಿ ಪೆಡಲ್ ಮೇಲಿದ್ದಾಗ ಕೇಳಿಸಿ, ತುಳಿದಾಗ ನಿಲ್ಲುವ ಶಬ್ದ ಬಹುಮಟ್ಟಿಗೆ ಇನ್‌ಪುಟ್ ಶಾಫ್ಟಿನ ಬೇರಿಂಗಿನದು, ಏಕೆಂದರೆ ತುಳಿದಾಗ ಆ ಶಾಫ್ಟೇ ತಿರುಗುವುದನ್ನು ನಿಲ್ಲಿಸುತ್ತದೆ. ಇದಕ್ಕೆ ತದ್ವಿರುದ್ಧವಾಗಿ ತುಳಿದಾಗ ಮಾತ್ರ ಶಬ್ದ ಬಂದಿದ್ದರೆ ಕ್ಲಚ್ ರಿಲೀಸ್ ಬೇರಿಂಗನ್ನು ದೂರಬೇಕಾಗುತ್ತಿತ್ತು.

ಕೊನೆಯದಾಗಿ ಎಣ್ಣೆ. ಬಸಿಯುವ ಪ್ಲಗ್‌ಗಿಂತ ಮೊದಲು ತುಂಬಿಸುವ ಪ್ಲಗ್ಗನ್ನು ಸಡಿಲಿಸಿ ನೋಡಿ. ಅದು ತುಕ್ಕು ಹಿಡಿದು ಬಿಗಿದುಕೊಂಡಿದ್ದರೆ, ಎಣ್ಣೆ ಬಸಿದ ಮೇಲೆ ತುಂಬಲು ದಾರಿಯೇ ಇಲ್ಲದಂತಾಗುತ್ತದೆ. ಬಸಿದ ಎಣ್ಣೆಯನ್ನು ಬಿಳಿ ತಟ್ಟೆಯಲ್ಲಿ ಬಿಸಿಲಿಗೆ ಹಿಡಿಯಿರಿ. ಚಿನ್ನದ ಬಣ್ಣದ ನುಣುಪಾದ ಪುಡಿ ತೇಲುತ್ತಿದ್ದರೆ ಅದು ಸಿಂಕ್ರೊ ರಿಂಗಿನ ಹಿತ್ತಾಳೆ. ಆಯಸ್ಕಾಂತಕ್ಕೆ ಅಂಟಿದ ಬೂದು ಬಣ್ಣದ ನಯವಾದ ಲೇಪ ಸಹಜ ಸವೆತ. ಬೆರಳಿಗೆ ಚುಚ್ಚುವ ಉಕ್ಕಿನ ಚೂರು ಸಿಕ್ಕರೆ ಮಾತ್ರ ಬೇರಿಂಗೋ ಹಲ್ಲೋ ಒಡೆದಿದೆ ಎಂದು ತಿಳಿಯಬೇಕು, ಮತ್ತು ಅಂಥ ಕಾರನ್ನು ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಹಿಂದೆ ಯಾರಾದರೂ ಜಿಎಲ್-4 ದರ್ಜೆಯ ಗೇರ್ ಎಣ್ಣೆ ಬೇಕಾದಲ್ಲಿ ಜಿಎಲ್-5 ದರ್ಜೆಯದನ್ನು ತುಂಬಿದ್ದಾರೆಯೇ ಎಂಬುದನ್ನೂ ವಿಚಾರಿಸಿ. ಜಿಎಲ್-5ರಲ್ಲಿ ಅತಿ ಒತ್ತಡ ತಡೆಯುವ ಗಂಧಕ–ರಂಜಕದ ಸಂಯುಕ್ತಗಳು ಹೆಚ್ಚಿರುತ್ತವೆ. ಅವು ಹಿತ್ತಾಳೆಯ ರಿಂಗುಗಳಿಗೆ ಹಾನಿ ಮಾಡಬಹುದು, ರಿಂಗಿಗೆ ಬೇಕಾದ ಘರ್ಷಣೆಯನ್ನೂ ಕುಗ್ಗಿಸಬಹುದು. ಡಬ್ಬಿಯ ಮೇಲೆ 75ಡಬ್ಲ್ಯು-90 ಎಂಬ ಮಂದತೆಯ ಅಂಕಿ ಹೊಂದಿಕೆಯಾದರೆ ಸಾಲದು, ದರ್ಜೆಯೂ ಹೊಂದಬೇಕು.

ಪ್ರಶ್ನೆ ಕೇಳಿದವರಿಂದ

ಹೇಳಿದ ಪರೀಕ್ಷೆಗಳನ್ನೆಲ್ಲ ಮಾಡಿದೆ. ರಿವರ್ಸ್ ಸದ್ದಿಲ್ಲದೆ ಕೂರುತ್ತದೆ. ಎರಡು ಬಾರಿ ಕ್ಲಚ್ ತುಳಿದರೆ ಮೂರನೇ ಗೇರೂ ಸದ್ದಿಲ್ಲದೆ ಬೀಳುತ್ತದೆ. ಎಣ್ಣೆಯಲ್ಲಿ ಹೊಂಬಣ್ಣದ ಪುಡಿ ಕಣ್ಣಿಗೆ ಕಾಣುವಷ್ಟಿದೆ, ಉಕ್ಕಿನ ಚೂರುಗಳಿಲ್ಲ. ಹೀಗಾಗಿ ಇಳಿಸುವುದೆಂದು ನಿರ್ಧರಿಸಿದ್ದೇನೆ.

ಉತ್ತರ 2

ನಿರ್ಧಾರ ಸರಿಯಾಗಿದೆ. ಇಳಿಸುವ ಕೆಲಸದಲ್ಲಿ ಬುದ್ಧಿವಂತಿಕೆಗಿಂತ ತಾಳ್ಮೆ ಮತ್ತು ಸುರಕ್ಷತೆಯೇ ಮುಖ್ಯ. ಸಣ್ಣ ಕಾರಿನ ಗೇರ್‌ಬಾಕ್ಸ್ ಸಾಮಾನ್ಯವಾಗಿ 30ರಿಂದ 45 ಕಿಲೋ ತೂಗುತ್ತದೆ. ತೂಕಕ್ಕಿಂತ ತೊಂದರೆ ಕೊಡುವುದು ಅದರ ಅಂಕುಡೊಂಕಾದ ಆಕಾರ, ಏಕೆಂದರೆ ಭಾರವೆಲ್ಲ ಡಿಫರೆನ್ಷಿಯಲ್ (ಎರಡೂ ಚಕ್ರಗಳಿಗೆ ಚಾಲನೆ ಹಂಚುವ ಗೇರುಗಳ ಜೋಡಣೆ) ಇರುವ ಪಕ್ಕಕ್ಕೆ ವಾಲಿಕೊಂಡಿರುತ್ತದೆ. ಮಲಗಿಕೊಂಡು ಎದೆಯ ಮೇಲೆ ಅದನ್ನು ಇಳಿಸಿಕೊಳ್ಳುವ ಸಾಹಸವನ್ನು ದಯವಿಟ್ಟು ಮಾಡಬೇಡಿ. ಇನ್ನೊಬ್ಬರು ಜೊತೆಗಿರುವ ದಿನವನ್ನೇ ಆರಿಸಿಕೊಳ್ಳಿ.

ಚಕ್ರಗಳು ನೆಲದ ಮೇಲಿರುವಾಗಲೇ, ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಚಾಲನೆ ಒಯ್ಯುವ ಡ್ರೈವ್‌ಶಾಫ್ಟಿನ ಹಬ್ ನಟ್ಟುಗಳನ್ನು ಸಡಿಲಿಸಿಕೊಳ್ಳಬೇಕು. ಹಲವು ಕಾರುಗಳಲ್ಲಿ ಅವುಗಳ ಬಿಗಿತ 200 ನ್ಯೂಟನ್ ಮೀಟರ್ ದಾಟುತ್ತದೆ. ಸ್ಟ್ಯಾಂಡಿನ ಮೇಲಿರುವ ಕಾರಿನಲ್ಲಿ ಉದ್ದನೆಯ ಪೈಪ್ ಹಾಕಿ ಅದನ್ನು ಎಳೆಯುವುದೆಂದರೆ ಕಾರನ್ನೇ ಸ್ಟ್ಯಾಂಡಿನಿಂದ ಎಳೆದಂತೆ. ಆಮೇಲೆ ಹಿಂದಿನ ಚಕ್ರಗಳಿಗೆ ಅಡೆಗಟ್ಟೆ ಕೊಟ್ಟು, ಮುಂಭಾಗವನ್ನು ಎತ್ತಿ, ತಯಾರಕರು ಸೂಚಿಸಿದ ಜಾಗದಲ್ಲಿಯೇ ಸ್ಟ್ಯಾಂಡ್‌ಗಳನ್ನು ಕೊಡಿ. ಇಟ್ಟಿಗೆ ಮತ್ತು ಟೊಳ್ಳು ಬ್ಲಾಕ್‌ಗಳನ್ನು ಎಂದಿಗೂ ನಂಬಬೇಡಿ, ಅವು ಮುನ್ಸೂಚನೆ ಕೊಡದೆ ಸಿಡಿಯುತ್ತವೆ. ಎತ್ತುವ ಮೊದಲು ಒಂದು ಅಳತೆ ಅಗತ್ಯ: ಜ್ಯಾಕಿನ ಮೇಲೆ ಕೂತ ಗೇರ್‌ಬಾಕ್ಸಿನ ಎತ್ತರಕ್ಕಿಂತ ಬಂಪರಿನ ಕೆಳಗಿನ ಜಾಗ ಹೆಚ್ಚಿರಬೇಕು, ಇಲ್ಲವಾದರೆ ಇಳಿಸಿದ್ದನ್ನು ಹೊರಗೆಳೆಯಲಾಗದೆ ಕಾರಿನಡಿಯಲ್ಲೇ ಸಿಕ್ಕಿಕೊಳ್ಳುತ್ತದೆ.

ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ತೆಗೆದು, ಬ್ಯಾಟರಿ, ಅದರ ತಟ್ಟೆ ಮತ್ತು ಏರ್ ಫಿಲ್ಟರ್ ಡಬ್ಬಿಯನ್ನು ಹೊರಗಿಟ್ಟರೆ ಮೇಲಿನಿಂದ ಕೈಯಾಡಿಸಲು ಬೇಕಾದಷ್ಟು ಜಾಗ ಸಿಗುತ್ತದೆ. ಗೇರ್ ಕೇಬಲ್‌ಗಳು, ರಿವರ್ಸ್ ದೀಪದ ಸ್ವಿಚ್, ವೇಗದ ಸೆನ್ಸರ್, ಅರ್ತ್ ತಂತಿ, ಸ್ಟಾರ್ಟರ್ ಮೋಟಾರ್ ಇವೆಲ್ಲ ಹೆಚ್ಚು ಕಾಡುವುದಿಲ್ಲ. ಪೆಡಲಿನ ಒತ್ತಡದಿಂದ ಕ್ಲಚ್ಚನ್ನು ಬಿಡಿಸುವ ಸ್ಲೇವ್ ಸಿಲಿಂಡರ್ ಹೊರಗಿದ್ದರೆ ಪೈಪನ್ನು ಬಿಚ್ಚದೆ ಅದನ್ನು ಪಕ್ಕಕ್ಕೆ ಕಟ್ಟಿಡಬಹುದು. ಆದರೆ ಅದಾದ ಮೇಲೆ ಯಾರೂ ಪೆಡಲ್ ತುಳಿಯದಂತೆ ಸ್ಟೀರಿಂಗಿಗೆ ಚೀಟಿ ಅಂಟಿಸಿ, ಏಕೆಂದರೆ ತಡೆಯಿಲ್ಲದ ಪಿಸ್ಟನ್ ಹೊರಗೆ ಚಿಮ್ಮುತ್ತದೆ.

ಡ್ರೈವ್‌ಶಾಫ್ಟುಗಳನ್ನು ತೆಗೆಯಲು ಕೆಳಗಿನ ಬಾಲ್ ಜಾಯಿಂಟನ್ನು ಬಿಡಿಸಿ, ಒಳತುದಿಯನ್ನು ಚಪ್ಪಟೆ ಸರಳಿನಿಂದ ಮೀಟಬೇಕು. ಒಳಗಿನ ಜಾಯಿಂಟ್ ಬೇರ್ಪಡುವಂತೆ ಶಾಫ್ಟನ್ನೇ ಹಿಡಿದು ಎಳೆಯಬಾರದು. ಎರಡೂ ಶಾಫ್ಟುಗಳು ಹೊರಬಂದ ಕೆಲವು ಗೇರ್‌ಬಾಕ್ಸುಗಳಲ್ಲಿ ಡಿಫರೆನ್ಷಿಯಲ್ಲಿನ ಪಕ್ಕದ ಗೇರುಗಳು ಒಳಗೇ ಜಾರಿ ಕೆಳಗಿಳಿಯುತ್ತವೆ. ಆದ್ದರಿಂದ ಒಂದು ಬದಿ ಖಾಲಿಯಾದ ಕೂಡಲೇ ಅಲ್ಲಿಗೆ ಅಳತೆಗೆ ತಕ್ಕ ಮರದ ಗೂಟವನ್ನೋ ಹಳೆಯ ಜಾಯಿಂಟಿನ ತುದಿಯನ್ನೋ ತೂರಿಸಿಡಿ.

ಈಗ ಎಂಜಿನ್ನಿಗೆ ಆಧಾರ. ಮೇಲಿನಿಂದ ಅಡ್ಡಪಟ್ಟಿಯಲ್ಲಿ ಸರಪಳಿ ಹಾಕಿ ತೂಗುಹಾಕುವುದೇ ಉತ್ತಮ. ಅದಿಲ್ಲದಿದ್ದರೆ ಎಂಜಿನ್ನಿನ ಸಂಪಿನ (ಎಣ್ಣೆ ನಿಲ್ಲುವ ತಳದ ತೊಟ್ಟಿಯ) ಕೆಳಗೆ ಅಗಲವಾದ ಮರದ ಹಲಗೆಯಿಟ್ಟು ಜ್ಯಾಕ್ ಕೊಡಬಹುದು. ಗೇರ್‌ಬಾಕ್ಸನ್ನು ಎಂಜಿನ್ನಿಗೆ ಕೂಡಿಸುವ ಬೆಲ್ ಹೌಸಿಂಗಿನ ಬೋಲ್ಟುಗಳು ಬೇರೆಬೇರೆ ಉದ್ದದವು. ರಟ್ಟಿನ ಮೇಲೆ ಗೇರ್‌ಬಾಕ್ಸಿನ ಮುಖವನ್ನು ಬಿಡಿಸಿ, ತೆಗೆದ ಬೋಲ್ಟನ್ನು ಅದದೇ ಜಾಗದಲ್ಲಿ ಚುಚ್ಚಿಟ್ಟರೆ ಜೋಡಿಸುವಾಗ ಗೊಂದಲವಿರುವುದಿಲ್ಲ. ಉದ್ದನೆಯ ಬೋಲ್ಟನ್ನು ಕುರುಡು ರಂಧ್ರಕ್ಕೆ ಬಿಗಿದರೆ ಅಲ್ಯೂಮಿನಿಯಂ ಸೀಳುತ್ತದೆ.

ಕೊನೆಯ ಬೋಲ್ಟ್ ಬಂದ ಮೇಲಿನ ಕೆಲವು ನಿಮಿಷಗಳೇ ಇಡೀ ಕೆಲಸದ ಸೂಕ್ಷ್ಮ ಘಟ್ಟ. ಗೇರ್‌ಬಾಕ್ಸ್ ಎಂಜಿನ್ನಿನಿಂದ ನೇರವಾಗಿ, ಸಮಾನಾಂತರವಾಗಿ ಸರಿಯಬೇಕು. ಇನ್‌ಪುಟ್ ಶಾಫ್ಟಿನ ತುದಿ ಕ್ಲಚ್ ಪ್ಲೇಟಿನಿಂದ ಪೂರ್ತಿ ಹೊರಬರುವ ತನಕ ಅದರ ಭಾರ ಒಂದು ಕ್ಷಣವೂ ಪ್ಲೇಟಿನ ಮೇಲೆ ತೂಗಬಾರದು. ತೂಗಿದರೆ ಪ್ಲೇಟ್ ಬಾಗುತ್ತದೆ, ಜೋಡಿಸಿದ ಮೇಲೆ ಕ್ಲಚ್ ಬಿಡಿಸಿಕೊಳ್ಳುವುದಿಲ್ಲ, ಮತ್ತು ಆ ಕಾರಣ ತಿಳಿಯಲು ಮತ್ತೊಮ್ಮೆ ಎಲ್ಲವನ್ನೂ ಇಳಿಸಬೇಕಾಗುತ್ತದೆ. ಗೇರ್‌ಬಾಕ್ಸನ್ನು ಜ್ಯಾಕಿಗೆ ಪಟ್ಟಿಯಿಂದ ಕಟ್ಟಿ, ಇಬ್ಬರೂ ಪಕ್ಕದಲ್ಲಿ ನಿಂತು ಇಳಿಸಿ. ಅಡಿಯಲ್ಲಿ ಯಾರೂ ಇರಬಾರದು.

ಉತ್ತರ 3

ಇಳಿಸುವುದರ ಬಗ್ಗೆ ಮೇಲೆ ಹೇಳಿದ್ದು ಸಾಕಷ್ಟಿದೆ, ನಾನು ಒಳಗಿನ ಕೆಲಸದ ಬಗ್ಗೆ ಬರೆಯುತ್ತೇನೆ. ನಿಮ್ಮ ಮಾದರಿಯ ವರ್ಕ್‌ಶಾಪ್ ಕೈಪಿಡಿ ಕೈಯಲ್ಲಿಲ್ಲದೆ ಕೇಸನ್ನು ತೆರೆಯಬೇಡಿ ಎಂಬುದು ನನ್ನ ಮೊದಲ ಮಾತು. ಗೇರ್‌ಬಾಕ್ಸುಗಳ ತತ್ವ ಒಂದೇ ಆದರೂ ಬಿಚ್ಚುವ ಕ್ರಮ ಒಂದೊಂದರಲ್ಲಿ ಒಂದೊಂದು ಬಗೆ.

ಹೊರಮೈಯನ್ನು ಮೊದಲೇ ಚೆನ್ನಾಗಿ ತೊಳೆದು ಒಣಗಿಸಿ. ಐದನೇ ಗೇರು ಹಲವು ಸಣ್ಣ ಕಾರುಗಳಲ್ಲಿ ತುದಿಯ ಮುಚ್ಚಳದೊಳಗೆ ಪ್ರತ್ಯೇಕವಾಗಿರುತ್ತದೆ. ಅದರ ನಟ್ಟನ್ನು ಬಿಚ್ಚಲು ಶಾಫ್ಟುಗಳು ತಿರುಗದಂತೆ ಒಂದೇ ಸಲಕ್ಕೆ ಎರಡು ಗೇರುಗಳನ್ನು ಹಾಕಿ ಬಂಧಿಸುತ್ತಾರೆ. ಬೋಲ್ಟುಗಳೆಲ್ಲ ಬಂದರೂ ಕೇಸ್ ಬಿಡಿಸಿಕೊಳ್ಳದಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ರಿವರ್ಸ್ ಐಡ್ಲರ್ ಶಾಫ್ಟಿನ ಬೋಲ್ಟೋ, ಪ್ಲಗ್ಗಿನ ಹಿಂದೆ ಅಡಗಿರುವ ಸರ್ಕ್ಲಿಪ್ಪೋ (ಭಾಗವನ್ನು ಜಾರದಂತೆ ಹಿಡಿಯುವ ಸ್ಪ್ರಿಂಗ್ ಬಳೆ) ಉಳಿದಿರುತ್ತದೆ. ಕೂಡುವ ಮುಖದ ಮೇಲೆ ಒಂದು ಗೀರು ಬಿದ್ದರೂ ಅಲ್ಲಿಂದ ಎಣ್ಣೆ ಜಿನುಗುತ್ತಲೇ ಇರುತ್ತದೆ. ಗೇರ್ ಆಯ್ಕೆಯ ಸರಳುಗಳನ್ನು ಎಳೆಯುವಾಗ ಸರಳನ್ನು ಆಯಾ ಜಾಗದಲ್ಲಿ ಹಿಡಿದಿಡುವ ಡಿಟೆಂಟ್ ಗುಂಡುಗಳೂ ಸ್ಪ್ರಿಂಗುಗಳೂ ಸಿಡಿದು ಹಾರುತ್ತವೆ, ಆದ್ದರಿಂದ ಆ ರಂಧ್ರಗಳ ಮೇಲೆ ಬಟ್ಟೆ ಮುಚ್ಚಿಕೊಂಡು ಕೆಲಸ ಮಾಡಿ. ಸರಳುಗಳ ನಡುವೆ ಇರುವ ಪುಟ್ಟ ಇಂಟರ್‌ಲಾಕ್ ಪಿನ್ನುಗಳು ಎಲ್ಲಿದ್ದವೆಂದು ಚಿತ್ರ ತೆಗೆದಿಟ್ಟುಕೊಳ್ಳಿ. ಒಂದೇ ಹೊತ್ತಿಗೆ ಎರಡು ಗೇರುಗಳು ಬೀಳದಂತೆ ತಡೆಯುವವು ಅವೇ.

ಈಗ ಸಿಂಕ್ರೊ. ಶಾಫ್ಟಿಗೆ ಕೂಡಿಸಿದ ಹಬ್ಬಿನ ಮೇಲೆ ಜಾರಿ ಗೇರನ್ನು ಹಿಡಿಯುವ ಬಳೆಯೇ ಸ್ಲೀವ್. ಅದನ್ನು ಗೇರಿನ ಕಡೆಗೆ ತಳ್ಳಿದಾಗ ಅದು ಮೊದಲು ರಿಂಗನ್ನು ಗೇರಿನ ಶಂಕುವಿನಾಕಾರದ ಭಾಗದ ಮೇಲೆ ಒತ್ತುತ್ತದೆ. ಎರಡರ ವೇಗಗಳು ಬೇರೆಯಿರುವ ತನಕ ರಿಂಗ್ ಒಂದು ಪಕ್ಕಕ್ಕೆ ತಿರುಗಿಕೊಂಡು, ತನ್ನ ಚೂಪು ಹಲ್ಲುಗಳಿಂದ ಸ್ಲೀವಿಗೆ ಅಡ್ಡ ನಿಲ್ಲುತ್ತದೆ. ಘರ್ಷಣೆಯಿಂದ ವೇಗಗಳು ಸಮವಾದ ಕ್ಷಣದಲ್ಲಿ ದಾರಿ ಬಿಡುತ್ತದೆ. ಈ ಘರ್ಷಣೆ ಹುಟ್ಟಬೇಕಾದರೆ ನಡುವಿನ ಎಣ್ಣೆಯ ಪದರ ಸೀಳಿಹೋಗಬೇಕು, ಅದಕ್ಕಾಗಿಯೇ ರಿಂಗಿನ ಒಳಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನು ಕೊರೆದಿರುತ್ತಾರೆ. ನಿಮ್ಮ ಮೂರನೇ ಗೇರಿನ ರಿಂಗನ್ನು ನಾಲ್ಕನೆಯದರ ಪಕ್ಕದಲ್ಲಿಟ್ಟು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಚೆನ್ನಾಗಿರುವ ರಿಂಗಿನಲ್ಲಿ ಗೆರೆಗಳ ಏಣುಗಳು ಉಗುರಿಗೆ ತರಿತರಿಯಾಗಿ ತಾಗುತ್ತವೆ. ಸವೆದದ್ದರಲ್ಲಿ ಏಣುಗಳು ಚಪ್ಪಟೆಯಾಗಿ, ಪಟ್ಟಿಪಟ್ಟಿಯಾಗಿ ಹೊಳೆಯುತ್ತಿದ್ದು, ಉಗುರು ಜಾರುತ್ತದೆ.

ಕಣ್ಣಂದಾಜನ್ನೇ ನೆಚ್ಚಿಕೊಳ್ಳದೆ ಅಳತೆ ಮಾಡಿ. ರಿಂಗನ್ನು ಗೇರಿನ ಮೇಲೆ ಕೈಯಿಂದ ಸಮವಾಗಿ ಒತ್ತಿ, ರಿಂಗಿನ ಹಲ್ಲುಗಳಿಗೂ ಗೇರಿನ ಡಾಗ್ ಹಲ್ಲುಗಳಿಗೂ (ಸ್ಲೀವ್ ಬಂದು ಹಿಡಿಯುವ ಹಲ್ಲುಗಳು) ನಡುವಿನ ಸಂದನ್ನು ಫೀಲರ್ ಗೇಜಿನಿಂದ ಮೂರು ಕಡೆ ನೋಡಿ. ಹೊಸದರಲ್ಲಿ ಅದು ಸಾಮಾನ್ಯವಾಗಿ 1 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ, 0.5ರ ಸಮೀಪಕ್ಕೆ ಇಳಿದರೆ ಬದಲಿಸುವ ಹೊತ್ತಾಗಿದೆ. ನಿಮ್ಮ ಕೈಪಿಡಿಯ ಅಂಕಿಯೇ ಅಂತಿಮ. ರಿಂಗೊಂದನ್ನೇ ಬದಲಿಸಿದರೆ ಸಾಕೇ ಎಂಬುದನ್ನು ಸ್ಲೀವಿನ ಹಲ್ಲುಗಳು ಹೇಳುತ್ತವೆ. ಅವುಗಳ ಮೊನೆಗಳು ಮೊಂಡಾಗಿ ದುಂಡಗಾಗಿದ್ದರೆ, ಹೊಸ ರಿಂಗ್ ಹಾಕಿದರೂ ಸದ್ದು ಬೇಗನೆ ಮರಳುತ್ತದೆ. ಆಗ ಸ್ಲೀವ್ ಮತ್ತು ಹಬ್ಬನ್ನು ಜೋಡಿಯಾಗಿಯೇ ಬದಲಿಸಬೇಕು, ಗೇರಿನ ಡಾಗ್ ಹಲ್ಲುಗಳೂ ಹಾಳಾಗಿದ್ದರೆ ಗೇರನ್ನೂ ಸೇರಿಸಬೇಕು. ಬಿಚ್ಚುವ ಮುನ್ನ ಸ್ಲೀವ್ ಮತ್ತು ಹಬ್ಬಿನ ಮೇಲೆ ಒಂದೇ ಗೆರೆಯಲ್ಲಿ ಗುರುತು ಹಾಕಿ, ಯಾವ ಮುಖ ಯಾವ ಕಡೆಗಿತ್ತೆಂದು ಬರೆದುಕೊಳ್ಳಿ. ಸ್ಲೀವನ್ನು ತಳ್ಳುವ ಫೋರ್ಕಿನ ತುದಿ ಒಂದು ಪಕ್ಕ ಸವೆದಿದ್ದರೆ ಅದನ್ನೂ ಉಳಿಸಿಕೊಳ್ಳಬೇಡಿ.

ಶಾಫ್ಟಿನಿಂದ ತೆಗೆದ ಗೇರು, ಬುಷ್, ವಾಷರ್‌ಗಳನ್ನು ಒಂದು ಕೋಲಿಗೆ ಅದೇ ಕ್ರಮದಲ್ಲಿ, ಅದೇ ಮುಖದಲ್ಲಿ ಪೋಣಿಸಿಡುವ ಅಭ್ಯಾಸ ಬಹಳ ಒಳ್ಳೆಯದು. ಬೇರಿಂಗುಗಳನ್ನು ತೊಳೆದ ಮೇಲೆ ಗಾಳಿಯ ಒತ್ತಡದಿಂದ ತಿರುಗಿಸಬೇಡಿ; ಎಣ್ಣೆಯಿಲ್ಲದೆ ಅತಿವೇಗದಲ್ಲಿ ತಿರುಗಿ ಅವು ಹಾಳಾಗುವುದಲ್ಲದೆ ಕೈಗೂ ಅಪಾಯ.

ಉತ್ತರ 4

ಮನೆಯ ಕೆಲಸಕ್ಕೆ ಒಂದು ಗಡಿಯಿದೆ ಎಂಬುದನ್ನು ಸೇರಿಸಲು ಬಯಸುತ್ತೇನೆ. ಬಿಗಿಯಾಗಿ ಕೂತ ಹಬ್ ಮತ್ತು ಬೇರಿಂಗನ್ನು ಸುತ್ತಿಗೆಯಿಂದ ಹೊಡೆದು ತೆಗೆಯುವುದು ದುರಸ್ತಿಯಲ್ಲ. ಸರಿಯಾದ ಪುಲ್ಲರ್ ಮತ್ತು ಹೈಡ್ರಾಲಿಕ್ ಪ್ರೆಸ್ ಇಲ್ಲದಿದ್ದರೆ ಇಡೀ ಶಾಫ್ಟನ್ನು ಯಂತ್ರದ ಕೆಲಸ ಮಾಡುವವರ ಬಳಿಗೆ ಒಯ್ದು ಅಷ್ಟನ್ನು ಮಾತ್ರ ಮಾಡಿಸಿಕೊಂಡು ಬನ್ನಿ. ಹೊಸ ಬೇರಿಂಗನ್ನು ಶಾಫ್ಟಿಗೆ ಕೂರಿಸುವಾಗ ಒತ್ತಡ ಒಳವರ್ತುಲದ ಮೇಲೆಯೇ ಬೀಳಬೇಕು. ಬಿಸಿ ಮಾಡಿ ಕೂರಿಸುವುದಾದರೆ ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಾಕು, 120 ದಾಟಬಾರದು. ಬೆಂಕಿಯ ಜ್ವಾಲೆಯನ್ನು ನೇರವಾಗಿ ಹಿಡಿದರೆ ಉಕ್ಕಿನ ಗಡಸುತನವೇ ಹೋಗುತ್ತದೆ.

ನಿಮ್ಮದರಲ್ಲಿ ಟೇಪರ್ ರೋಲರ್ ಬೇರಿಂಗುಗಳಿದ್ದರೆ ಇನ್ನೊಂದು ಹಂತವಿದೆ. ಬೇರಿಂಗ್ ಬದಲಿಸಿದ ಮೇಲೆ ಹಳೆಯ ಶಿಮ್ಮನ್ನೇ (ಸಂದನ್ನು ಸರಿಹೊಂದಿಸುವ ತೆಳು ಬಿಲ್ಲೆ) ಹಾಕಿ ಮುಚ್ಚುವುದು ಅದೃಷ್ಟದಾಟವಾಗುತ್ತದೆ. ಡಯಲ್ ಗೇಜಿನಿಂದ ಶಾಫ್ಟಿನ ಆಟವನ್ನು ಅಳೆದು ಶಿಮ್ಮಿನ ದಪ್ಪವನ್ನು ಲೆಕ್ಕ ಹಾಕಬೇಕು. ಸಡಿಲವಾದರೆ ಗೊರಗೊರ ಸದ್ದು, ಬಿಗಿಯಾದರೆ ಬಿಸಿಯೇರಿ ಬೇರಿಂಗ್ ಸುಟ್ಟುಹೋಗುತ್ತದೆ.

ಕೇಸಿನಲ್ಲಿ ಬಿರುಕು ಕಂಡರೆ ಅಥವಾ ಹಲವು ಗೇರುಗಳ ಹಲ್ಲುಗಳು ಒಮ್ಮೆಗೇ ಹಾಳಾಗಿದ್ದರೆ ಬಳಸಿದ ಇನ್ನೊಂದು ಗೇರ್‌ಬಾಕ್ಸನ್ನೇ ತಂದು ಹಾಕುವುದು ವಿವೇಕ. ನಿಮ್ಮ ವಿಷಯದಲ್ಲಿ ಹಾಗಿಲ್ಲ. ಒಂದು ರಿಂಗ್ ಮತ್ತು ಒಂದು ಬೇರಿಂಗಿಗಾಗಿ ಚರಿತ್ರೆ ತಿಳಿಯದ ಗೇರ್‌ಬಾಕ್ಸನ್ನು ನಂಬುವುದನ್ನು ನಾನಂತೂ ಒಪ್ಪುವುದಿಲ್ಲ. ಹಾಗೆ ತರುವುದೇ ಆದರೆ ಕೇಸಿನ ಮೇಲೆ ಅಚ್ಚೊತ್ತಿದ ಸಂಕೇತವನ್ನು ಹೋಲಿಸಿ ನೋಡಿ. ಹೊರಗಿನಿಂದ ಒಂದೇ ತೆರನಾಗಿ ಕಂಡರೂ ಅಂತಿಮ ಗೇರಿನ ಅನುಪಾತ ಬೇರೆಯಿರಬಹುದು.

ಉತ್ತರ 2 ಬರೆದವರಿಂದ ಮತ್ತೆ

ಗೇರ್‌ಬಾಕ್ಸ್ ಕೆಳಗಿರುವಾಗ ಕ್ಲಚ್ಚನ್ನು ನೋಡದೆ ಬಿಡಬೇಡಿ. ಪ್ಲೇಟ್ ಅರ್ಧ ಸವೆದಿದ್ದರೂ ಪ್ರೆಶರ್ ಪ್ಲೇಟ್ ಮತ್ತು ರಿಲೀಸ್ ಬೇರಿಂಗಿನೊಡನೆ ಅದನ್ನು ಬದಲಿಸುವುದು ಲೇಸು. ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಸೀಲ್, ಇನ್‌ಪುಟ್ ಶಾಫ್ಟ್ ಸೀಲ್ ಮತ್ತು ಡ್ರೈವ್‌ಶಾಫ್ಟಿನ ಸೀಲುಗಳ ವಿಷಯದಲ್ಲೂ ಅದೇ ಮಾತು. ಕ್ಲಚ್ಚಿನ ಧೂಳನ್ನು ಗಾಳಿಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿದೆ.

ಹೊಸ ಪ್ಲೇಟನ್ನು ಅಲೈನ್‌ಮೆಂಟ್ ಉಪಕರಣದಿಂದ ನಡುವಿಗೆ ಸರಿಯಾಗಿ ಕೂರಿಸಿ, ಇನ್‌ಪುಟ್ ಶಾಫ್ಟಿನ ಸ್ಪ್ಲೈನುಗಳಿಗೆ (ಪ್ಲೇಟಿನೊಳಗೆ ಕೂರುವ ಉದ್ದುದ್ದ ಏಣುಗಳಿಗೆ) ತೀರ ತೆಳುವಾಗಿ ಗ್ರೀಸ್ ಸವರಿ. ಗೇರ್‌ಬಾಕ್ಸನ್ನು ಏರಿಸುವಾಗ ಸ್ಪ್ಲೈನುಗಳು ಹೊಂದಿಕೊಳ್ಳದಿದ್ದರೆ, ಗೇರಿನಲ್ಲಿಟ್ಟು ಡಿಫರೆನ್ಷಿಯಲ್ಲಿನ ಕಡೆಯಿಂದ ಸ್ವಲ್ಪ ತಿರುಗಿಸಿ. ಕೇಸ್ ಎಂಜಿನ್ನಿಗೆ ಕೈಯೊತ್ತಡದಲ್ಲಿಯೇ ಬಂದು ಕೂರಬೇಕು. ಒಂದು ಬೆರಳಿನಷ್ಟು ಸಂದು ಉಳಿದಿರುವಾಗ ಬೋಲ್ಟ್ ಬಿಗಿದು ಎಳೆದುಕೊಳ್ಳುವುದು ಕೇಸಿನ ಕಿವಿ ಮುರಿಯುವ ಖಚಿತ ದಾರಿ. ಎರಡೂ ಕೇಸುಗಳನ್ನು ನೇರಕ್ಕೆ ಕೂರಿಸುವ ಡವೆಲ್ ಪಿನ್ ಓರೆಯಾಗಿದೆಯೇ, ತಂತಿಯೇನಾದರೂ ಸಿಕ್ಕಿಕೊಂಡಿದೆಯೇ ಎಂದು ನೋಡಿ. ಡ್ರೈವ್‌ಶಾಫ್ಟುಗಳಿಗೆ ಹೊಸ ಸರ್ಕ್ಲಿಪ್ ಹಾಕಿ, ಟಕ್ಕೆಂದು ಕೂತ ಮೇಲೆ ಹೊರಕ್ಕೆ ಎಳೆದು ಪರೀಕ್ಷಿಸಿ. ಹಬ್ ನಟ್ಟುಗಳೂ ಹೊಸವೇ ಇರಲಿ. ಚಕ್ರಗಳು ನೆಲ ಮುಟ್ಟಿದ ಮೇಲೆ ಅವುಗಳನ್ನು ಕೈಪಿಡಿಯ ಟಾರ್ಕಿಗೆ ಬಿಗಿಯಿರಿ.

ಎಣ್ಣೆಯನ್ನು ಕಾರು ಸಮತಟ್ಟಾಗಿರುವಾಗ ತುಂಬಬೇಕು. ಮುಂಭಾಗ ಮಾತ್ರ ಎತ್ತಿದ್ದರೆ ಮಟ್ಟ ತಪ್ಪು ತೋರಿಸುತ್ತದೆ. ಬಹುತೇಕ ಕಾರುಗಳಲ್ಲಿ ತುಂಬಿಸುವ ರಂಧ್ರದ ಅಂಚಿನಿಂದ ತುಳುಕಿ ನಿಂತರೆ ಅದೇ ಸರಿಯಾದ ಮಟ್ಟ. ರಸ್ತೆಗಿಳಿಸುವ ಮುನ್ನ ಎಂಜಿನ್ ನಿಂತಿರುವಾಗ ಎಲ್ಲ ಗೇರುಗಳೂ ಬೀಳುತ್ತವೆಯೇ ಎಂದು ನೋಡಿ, ಬಳಿಕ ಐಡ್ಲಿಂಗ್‌ನಲ್ಲಿ ಕ್ಲಚ್ ತುಳಿದು ಮತ್ತೆ ನೋಡಿ. ಹೊಸ ರಿಂಗ್ ಶಂಕುವಿಗೆ ಒಗ್ಗಿಕೊಳ್ಳುವ ತನಕ ಮೂರನೇ ಗೇರನ್ನು ಅವಸರದಿಂದ ತಳ್ಳದೆ, ಅರೆಕ್ಷಣ ತಡೆದು ಹಾಕಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಈ ಮೊದಲ ಎಣ್ಣೆಯನ್ನು ಬಸಿದು ಆಯಸ್ಕಾಂತವನ್ನು ಒರೆಸಿ, ಅದೇ ಜಿಎಲ್-4 ಎಣ್ಣೆಯನ್ನು ಹೊಸದಾಗಿ ತುಂಬಿ.